ತೆರೆದ ಬಾಗಿಲಿನ ಒಳಗೆ: ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳು ಸಮತೆಯನ್ನು ಲೆಕ್ಕ ಹಾಕುವ ಬಗೆ

1960ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ತನ್ನ ಉನ್ನತ ಶಿಕ್ಷಣಕ್ಕಾಗಿ ಒಂದು ಮಾಸ್ಟರ್ ಪ್ಲಾನ್ ರೂಪಿಸಿತು. ಹೈಸ್ಕೂಲು ಮುಗಿಸಿದವರಲ್ಲಿ ಮೊದಲ ಎಂಟನೆಯ ಒಂದು ಪಾಲಿನವರು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ ಅರ್ಹರು, ಮೊದಲ ಮೂರನೆಯ ಒಂದು ಪಾಲಿನವರು ಸ್ಟೇಟ್ ಕಾಲೇಜುಗಳಿಗೆ ಅರ್ಹರು. ಉಳಿದವರಲ್ಲಿ ಯಾರೇ ಆಗಲಿ, ಅಂಕ ಎಷ್ಟೇ ಇರಲಿ, ಜೂನಿಯರ್ ಕಾಲೇಜಿಗೆ (ಇಂದಿನ ಹೆಸರು ಕಮ್ಯುನಿಟಿ ಕಾಲೇಜು) ಸೇರಿ ಎರಡು ವರ್ಷ ಓದಿ ಆಮೇಲೆ ವಿಶ್ವವಿದ್ಯಾಲಯಕ್ಕೆ ವರ್ಗವಾಗಬಹುದು ಎಂಬುದು ಅದರ ತಿರುಳು. ಅದೇ ವರ್ಷ ಬರ್ಟನ್ ಕ್ಲಾರ್ಕ್ ಎಂಬ ಸಮಾಜಶಾಸ್ತ್ರಜ್ಞರು ಸ್ಯಾನ್ ಹೋಸೆಯ ಜೂನಿಯರ್ ಕಾಲೇಜೊಂದನ್ನು ಹತ್ತಿರದಿಂದ ನೋಡಿ ಬರೆದ ಅಧ್ಯಯನವೂ ಹೊರಬಂತು. ವಿಶ್ವವಿದ್ಯಾಲಯಕ್ಕೆ ಹೋಗುವ ಆಸೆ ಹೊತ್ತು ಬಂದ ವಿದ್ಯಾರ್ಥಿಗೆ ಕಾಲೇಜು ಎಂದೂ ‘ಆಗದು’ ಎಂದು ಹೇಳುವುದಿಲ್ಲ ಎಂಬುದನ್ನು ಅವರು ಗಮನಿಸಿದ್ದರು. ಮೊದಲು ಮಟ್ಟ ನೋಡುವ ಒಂದು ಪರೀಕ್ಷೆ, ಅಂಕ ಕಡಿಮೆ ಬಂದರೆ ಪರಿಹಾರ ಬೋಧನೆಯ ತರಗತಿ, ನಡುನಡುವೆ ಕೌನ್ಸೆಲರ್ ಜೊತೆ ಮಾತುಕತೆ, ಕೊನೆಗೆ ಎಚ್ಚರಿಕೆಯ ಪತ್ರ. ಇಷ್ಟಾಗುವ ಹೊತ್ತಿಗೆ ವಿದ್ಯಾರ್ಥಿ ತಾನಾಗಿಯೇ ಆಸೆಯನ್ನು ಕುಗ್ಗಿಸಿಕೊಂಡಿರುತ್ತಾನೆ. ಕ್ಲಾರ್ಕ್ ಇದನ್ನು ‘ತಣ್ಣಗಾಗಿಸುವ ಕೆಲಸ’ ಎಂದು ಕರೆದರು. ಆ ಮಾತನ್ನು ಅವರು ಎರವಲು ಪಡೆದದ್ದು ಇನ್ನೊಬ್ಬ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ ಅವರ ಒಂದು ಪ್ರಬಂಧದಿಂದ. ಅಲ್ಲಿ ಅದು ವಂಚಕರ ತಂಡದ ಭಾಷೆ. ದುಡ್ಡು ಕಳೆದುಕೊಂಡವನು ಪೊಲೀಸರ ಬಳಿಗೆ ಓಡದಂತೆ ಅವನ ಪಕ್ಕದಲ್ಲಿ ಕೂತು ಸಮಾಧಾನ ಹೇಳುವವನೊಬ್ಬ ಅಂಥ ತಂಡದಲ್ಲಿ ಇರುತ್ತಿದ್ದನಂತೆ.

ಬಾಗಿಲು ಎಲ್ಲರಿಗೂ ತೆರೆದಿರುವುದು ಒಂದು ಸಂಗತಿ, ಒಳಗೆ ಹೋದವರು ಎಲ್ಲಿಗೆ ತಲುಪುತ್ತಾರೆ ಎಂಬುದು ಇನ್ನೊಂದು. ಅಲ್ಲಿನ ಶಿಕ್ಷಣ ಇಲಾಖೆಗಳು ಇಂದು ‘ಸಾಂಸ್ಥಿಕ ಪರಿಣಾಮಕಾರಿತ್ವ’ ಮತ್ತು ‘ವಿದ್ಯಾರ್ಥಿ ಸಮತೆ’ ಎಂಬ ಎರಡು ಭಾರವಾದ ಪದಗಳಿಂದ ಹೇಳಲು ಹೊರಟಿರುವುದು ಈ ಅಂತರವನ್ನೇ. ಮೊದಲನೆಯದು ಕಾಲೇಜು ತನ್ನ ಕೆಲಸವನ್ನು ಎಷ್ಟರಮಟ್ಟಿಗೆ ನೆರವೇರಿಸುತ್ತಿದೆ ಎಂಬ ಪ್ರಶ್ನೆ. ಎರಡನೆಯದು ಆ ಕೆಲಸ ಯಾರ ಪಾಲಿಗೆ ನೆರವೇರುತ್ತಿದೆ, ಯಾರ ಪಾಲಿಗೆ ಇಲ್ಲ ಎಂಬ ಪ್ರಶ್ನೆ. ಇವೆರಡನ್ನೂ ಬೇರೆ ಬೇರೆ ಸಮಿತಿಗಳಿಗೆ ಒಪ್ಪಿಸಿ, ಸಮತೆಗೆಂದು ಪ್ರತ್ಯೇಕ ಕಾರ್ಯಕ್ರಮ ನಡೆಸಿದಷ್ಟು ಕಾಲ ಹೆಚ್ಚೇನೂ ಬದಲಾಗಲಿಲ್ಲ. ಪ್ರವೇಶ, ವೇಳಾಪಟ್ಟಿ, ಅನುದಾನ ಮುಂತಾದ ದಿನನಿತ್ಯದ ನಿಯಮಗಳಿಗೆ ಕೈ ಹಾಕಿದ ಮೇಲೆಯೇ ಅಂಕಿಗಳು ಕದಲಿದವು. ಕ್ಯಾಲಿಫೋರ್ನಿಯಾದ ಕಳೆದ ಹದಿನೈದು ವರ್ಷಗಳ ಅನುಭವವನ್ನು ಓದಿದಾಗ ನನಗೆ ಮುಖ್ಯವಾಗಿ ಕಾಣುವುದು ಇದು.

ಕಮ್ಯುನಿಟಿ ಕಾಲೇಜು ಎಂಬ ಹೆಸರು ಕನ್ನಡದ ಕಿವಿಗೆ ಸ್ವಲ್ಪ ದಾರಿ ತಪ್ಪಿಸುತ್ತದೆ. ನಮ್ಮಲ್ಲಿ ‘ಸಮುದಾಯ’ ಎಂದೊಡನೆ ಜಾತಿಯ ಸಂಘ, ಹಾಸ್ಟೆಲು ನೆನಪಿಗೆ ಬರುತ್ತವೆ. ಅಲ್ಲಿ ಅದರ ಅರ್ಥ ಸುತ್ತಲಿನ ಊರು, ಅಷ್ಟೆ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಆರಂಭವಾದ ಜೂನಿಯರ್ ಕಾಲೇಜನ್ನು ಈ ಪರಂಪರೆಯ ಮೊದಲನೆಯದೆಂದು ಎಣಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಇಂದು ಇಂಥ 116 ಕಾಲೇಜುಗಳಿದ್ದು, ಅವನ್ನು 73 ಜಿಲ್ಲಾ ಆಡಳಿತ ಮಂಡಳಿಗಳು ನಡೆಸುತ್ತವೆ. ಸುಮಾರು ಇಪ್ಪತ್ತು ಲಕ್ಷ ಮಂದಿ ಕಲಿಯುವ ಈ ವ್ಯವಸ್ಥೆ ಆ ದೇಶದಲ್ಲೇ ಅತಿ ದೊಡ್ಡದು. ಕೋರ್ಸಿನ ತೂಕವನ್ನು ಅಲ್ಲಿ ಯೂನಿಟ್‌ಗಳಲ್ಲಿ ಅಳೆಯುತ್ತಾರೆ; ರಾಜ್ಯದ ನಿವಾಸಿಗಳಿಗೆ ಯೂನಿಟ್ ಒಂದಕ್ಕೆ 46 ಡಾಲರ್ ಶುಲ್ಕ, ಬಡ ಕುಟುಂಬದವರಿಗೆ ಅದೂ ಇಲ್ಲ. ಎರಡು ವರ್ಷದ ಅಸೋಸಿಯೇಟ್ ಪದವಿ, ನರ್ಸಿಂಗ್, ವೆಲ್ಡಿಂಗ್, ಅಗ್ನಿಶಾಮಕ ತರಬೇತಿ, ವಲಸೆ ಬಂದವರಿಗೆ ಇಂಗ್ಲಿಷ್, ವಿಶ್ವವಿದ್ಯಾಲಯಕ್ಕೆ ವರ್ಗವಾಗುವ ತಯಾರಿ ಎಲ್ಲವೂ ಒಂದೇ ಆವರಣದಲ್ಲಿ ನಡೆಯುತ್ತವೆ. ಕೂಪರ್ಟಿನೊದ ಡಿ ಆನ್ಜಾ ಕಾಲೇಜು, ಫ್ರೀಮಾಂಟ್‌ನ ಓಲೋನಿ ಕಾಲೇಜು ಬೇ ಏರಿಯಾದ ಕನ್ನಡ ಕುಟುಂಬಗಳಿಗೆ ಹೊಸವಲ್ಲ. ಹೈಸ್ಕೂಲಿನಲ್ಲಿರುವಾಗಲೇ ಮಕ್ಕಳು ಅಲ್ಲಿ ಒಂದೆರಡು ಕೋರ್ಸು ಮುಗಿಸುವುದುಂಟು. ಗಂಡನ ಅಥವಾ ಹೆಂಡತಿಯ ವೀಸಾದ ಮೇಲೆ ಬಂದು ಕೆಲಸಕ್ಕೆ ಅನುಮತಿಯಿಲ್ಲದೆ ಮನೆಯಲ್ಲಿರುವವರು ಅಕೌಂಟಿಂಗ್ ತರಗತಿಗೆ ಹೋಗುವುದೂ ಉಂಟು. ಆದರೆ ಈ ಕಾಲೇಜುಗಳ ಬಹುಪಾಲು ವಿದ್ಯಾರ್ಥಿಗಳ ಬದುಕು ಬೇರೆ. ಅವರು ಹಗಲು ದುಡಿದು ಸಂಜೆ ಓದುವವರು, ಪೂರ್ಣಾವಧಿಗೆ ಸೇರಲಾಗದವರು, ಅನೇಕರು ತಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು.

ಇಂಥ ಸಂಸ್ಥೆ ಚೆನ್ನಾಗಿ ನಡೆಯುತ್ತಿದೆ ಎಂದು ತಿಳಿಯುವುದು ಹೇಗೆ? ಮೊದಲ ತೊಡಕು ಅಳತೆಗೋಲಿನದೇ. 1990ರ ಒಂದು ಒಕ್ಕೂಟ ಕಾನೂನಿನಂತೆ ಅಮೆರಿಕದ ಕಾಲೇಜುಗಳು ತಮ್ಮ ಪದವಿ ಪ್ರಮಾಣವನ್ನು ಪ್ರಕಟಿಸಬೇಕಾಯಿತು. ಆ ಲೆಕ್ಕಕ್ಕೆ ಸೇರಿದವರು ಮೊದಲ ಬಾರಿಗೆ, ಪೂರ್ಣಾವಧಿ ವಿದ್ಯಾರ್ಥಿಗಳಾಗಿ ದಾಖಲಾದವರು ಮಾತ್ರ; ಎರಡು ವರ್ಷದ ಪದವಿಯನ್ನು ಅವರು ಮೂರು ವರ್ಷದೊಳಗೆ ಮುಗಿಸಿದರೆ ಗೆದ್ದಂತೆ. ಸಂಜೆ ಎರಡು ತರಗತಿಗೆ ಬರುವ ಹೋಟೆಲ್ ಕೆಲಸಗಾರ್ತಿ ಈ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ. ಬೇರೊಂದು ಕಾಲೇಜಿನಲ್ಲಿ ಓದು ಬಿಟ್ಟು ಹತ್ತು ವರ್ಷದ ಮೇಲೆ ಮರಳಿ ಬಂದವನೂ ಕಾಣಿಸುವುದಿಲ್ಲ. ಪದವಿ ಪಡೆಯದೆ ನೇರವಾಗಿ ವಿಶ್ವವಿದ್ಯಾಲಯಕ್ಕೆ ವರ್ಗವಾದವನನ್ನು ಪದವಿ ಪಡೆದವರ ಸಾಲಿಗೆ ಸೇರಿಸುವುದಿಲ್ಲ. ಹೀಗೆ, ಕಮ್ಯುನಿಟಿ ಕಾಲೇಜು ಯಾರಿಗಾಗಿ ಹುಟ್ಟಿತೋ ಅವರನ್ನೇ ಬಿಟ್ಟು ಅದರ ಯಶಸ್ಸನ್ನು ಅಳೆಯುವ ಪದ್ಧತಿ ಕಾಲು ಶತಮಾನ ನಡೆಯಿತು. ಅರೆಕಾಲಿಕ ವಿದ್ಯಾರ್ಥಿಗಳನ್ನೂ ಮರಳಿ ಬಂದವರನ್ನೂ ಎಣಿಸುವ ವಿಸ್ತೃತ ಮಾಪನವನ್ನು ಒಕ್ಕೂಟ ಸರ್ಕಾರ ಸೇರಿಸಿದ್ದು 2010ರ ದಶಕದ ನಡುವಿನಲ್ಲಿ.

ಎರಡನೆಯ ತೊಡಕು ಸರಾಸರಿಯದು. ಸರಾಸರಿಯು ಒಳಗಿನ ಏರುಪೇರನ್ನು ಮುಚ್ಚಿಬಿಡುತ್ತದೆ. ‘ಏಷ್ಯನ್’ ಎಂಬ ಒಂದೇ ಕಲಮಿನಲ್ಲಿ ಸನಿವೇಲ್‌ನ ಕನ್ನಡಿಗ ಎಂಜಿನಿಯರ್ ದಂಪತಿಯ ಮಗಳೂ, ಲಾವೋಸ್‌ನಿಂದ ನಿರಾಶ್ರಿತರಾಗಿ ಬಂದು ಫ್ರೆಸ್ನೊದಲ್ಲಿ ನೆಲೆಸಿದ ಹ್ಮಾಂಗ್ ಕುಟುಂಬದ ಮಗನೂ, ಲಾಂಗ್ ಬೀಚ್‌ನ ಕಾಂಬೋಡಿಯನ್ ಹುಡುಗಿಯೂ ಸೇರಿಬಿಟ್ಟರೆ, ಆ ಗುಂಪಿಗೆ ಯಾವ ನೆರವೂ ಬೇಡ ಎಂಬ ಚಿತ್ರ ಮೂಡುತ್ತದೆ. ಆದ್ದರಿಂದ ಕಾಲೇಜುಗಳು ಸಲ್ಲಿಸಬೇಕಾದ ಸಮತೆಯ ಯೋಜನೆಗಳಲ್ಲಿ ಅಂಕಿಗಳನ್ನು ಒಡೆದು ತೋರಿಸಬೇಕು: ಜನಾಂಗ, ಲಿಂಗ, ವರಮಾನ, ಅಂಗವಿಕಲತೆ, ಸೈನ್ಯದಲ್ಲಿ ದುಡಿದವರು, ಸಾಕು ಮನೆಗಳಲ್ಲಿ ಬೆಳೆದವರು ಹೀಗೆ. ಒಡೆದ ಮೇಲೆ ಯಾವ ಅಂತರವನ್ನು ಗಂಭೀರವೆಂದು ಎಣಿಸಬೇಕು ಎಂಬುದಕ್ಕೆ ಕೆಲವು ಸೂತ್ರಗಳಿವೆ. ಹಳೆಯದು ‘ಶೇ. 80ರ ನಿಯಮ’; ಇದು 1978ರಲ್ಲಿ ಉದ್ಯೋಗ ನೇಮಕಾತಿಯಲ್ಲಿನ ತಾರತಮ್ಯವನ್ನು ಗುರುತಿಸಲು ಒಕ್ಕೂಟ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಿಂದ ಬಂದದ್ದು. ಒಂದು ಕೋರ್ಸಿನಲ್ಲಿ ಅತಿ ಹೆಚ್ಚು ಯಶಸ್ಸು ಕಂಡ ಗುಂಪಿನ ಪಾಸು ಪ್ರಮಾಣ ಶೇ. 75 ಎಂದುಕೊಳ್ಳೋಣ. ಅದರ ಐದನೆಯ ನಾಲ್ಕು ಭಾಗ 60. ಯಾವ ಗುಂಪಿನ ಪ್ರಮಾಣ 60ಕ್ಕಿಂತ ಕೆಳಗಿದೆಯೋ ಆ ಗುಂಪಿನ ಮೇಲೆ ಕೋರ್ಸಿನ ಈಗಿನ ವ್ಯವಸ್ಥೆ ಅಸಮ ಹೊರೆ ಹಾಕುತ್ತಿದೆ ಎಂದು ತಿಳಿಯಬೇಕು. ಈಗ ಹೆಚ್ಚು ಬಳಕೆಯಲ್ಲಿರುವ ಇನ್ನೊಂದು ವಿಧಾನದಲ್ಲಿ ಒಂದು ಗುಂಪಿನ ಪ್ರಮಾಣವನ್ನು ಉಳಿದ ಎಲ್ಲರ ಪ್ರಮಾಣದಿಂದ ನೇರವಾಗಿ ಕಳೆದು ನೋಡುತ್ತಾರೆ. ಗುಂಪು ಚಿಕ್ಕದಾದಾಗ ಎಚ್ಚರ ಬೇಕು: ಇಪ್ಪತ್ತು ಮಂದಿಯ ಗುಂಪಿನಲ್ಲಿ ಒಬ್ಬಳು ಜ್ವರ ಬಂದು ಪರೀಕ್ಷೆ ತಪ್ಪಿಸಿಕೊಂಡರೆ ಪ್ರಮಾಣ ಐದು ಅಂಶ ಕುಸಿಯುತ್ತದೆ.

ಈ ಸೂತ್ರಗಳು ಕಾರಣವನ್ನು ಹೇಳುವುದಿಲ್ಲ ಎಂಬುದನ್ನು ಮರೆಯಬಾರದು. ಅವು ಹೊಗೆಯನ್ನು ತೋರಿಸುತ್ತವೆ, ಬೆಂಕಿ ಎಲ್ಲಿದೆಯೆಂದು ಕಾಲೇಜೇ ಹುಡುಕಬೇಕು. ಬಹಳ ಕಾಲ ಆ ಹುಡುಕಾಟ ವಿದ್ಯಾರ್ಥಿಯ ಮನೆಯ ಬಾಗಿಲಲ್ಲೇ ನಿಂತುಬಿಡುತ್ತಿತ್ತು. ‘ಅವರ ಹೈಸ್ಕೂಲು ಸರಿಯಿಲ್ಲ, ಮನೆಯಲ್ಲಿ ಓದಿನ ವಾತಾವರಣವಿಲ್ಲ’ ಎಂಬ ಉತ್ತರಕ್ಕೆ ಕೊರತೆಯಿರಲಿಲ್ಲ. ಕಾನೂನಿನ ತೊಡಕೂ ಒಂದಿತ್ತು. 1996ರಲ್ಲಿ ಮತದಾರರು ಅಂಗೀಕರಿಸಿದ ಪ್ರೊಪೊಸಿಷನ್ 209ರಿಂದಾಗಿ ಕ್ಯಾಲಿಫೋರ್ನಿಯಾದ ಸರ್ಕಾರಿ ಶಿಕ್ಷಣ ಸಂಸ್ಥೆಗಳು ಜನಾಂಗದ ಆಧಾರದ ಮೇಲೆ ಯಾರಿಗೂ ಆದ್ಯತೆ ಕೊಡುವಂತಿಲ್ಲ. ನಮ್ಮಲ್ಲಿ ಸಾಮಾಜಿಕ ನ್ಯಾಯದ ಚರ್ಚೆ ಬಹುಮಟ್ಟಿಗೆ ಸೀಟಿನ ಸುತ್ತ ನಡೆಯುತ್ತದೆ. ಅಲ್ಲಿನ ಈ ಕಾಲೇಜುಗಳಲ್ಲಿ ಸೀಟು ಎಲ್ಲರಿಗೂ ಉಂಟು, ಹಾಗಾಗಿ ಪ್ರಶ್ನೆ ಏಳುವುದು ಸೇರಿದ ಮೇಲೆ. ಅಂತರವನ್ನು ಗುಂಪುವಾರು ಗುರುತಿಸಬಹುದು, ಮದ್ದು ಮಾತ್ರ ಎಲ್ಲರಿಗೂ ತೆರೆದಿರಬೇಕು. ಮೊದಲು ಇದೊಂದು ಕೈಕಟ್ಟು ಎನಿಸಿತ್ತು. ಆದರೆ ಎಲ್ಲರಿಗೂ ಅನ್ವಯಿಸುವ ನಿಯಮವೇ ಯಾರಿಗೆ ಹೆಚ್ಚು ಪೆಟ್ಟು ಕೊಡುತ್ತಿದೆ ಎಂದು ಪರೀಕ್ಷಿಸಲು ಇದೇ ಕಟ್ಟುಪಾಡು ಪರೋಕ್ಷವಾಗಿ ದಾರಿ ಮಾಡಿತು ಎಂದು ನನಗೆ ತೋರುತ್ತದೆ.

ಹಾಗೆ ಸಿಕ್ಕಿಬಿದ್ದ ನಿಯಮಗಳಲ್ಲಿ ಬಹು ದೊಡ್ಡದು ಪ್ಲೇಸ್‌ಮೆಂಟ್ ಪರೀಕ್ಷೆ. ಬೆಂಗಳೂರಿನ ಓದುಗರಿಗೆ ಪ್ಲೇಸ್‌ಮೆಂಟ್ ಎಂದರೆ ಕ್ಯಾಂಪಸ್ಸಿಗೆ ಬರುವ ಕಂಪನಿಗಳು. ಅಲ್ಲಿ ಅದು ಕಾಲೇಜಿಗೆ ಸೇರಿದ ದಿನವೇ ಕಂಪ್ಯೂಟರಿನ ಮುಂದೆ ಕೂರಿಸಿ ಇಂಗ್ಲಿಷ್ ಮತ್ತು ಗಣಿತದಲ್ಲಿ ನಿಮ್ಮ ಮಟ್ಟ ಯಾವುದೆಂದು ನಿರ್ಧರಿಸುತ್ತಿದ್ದ ಪರೀಕ್ಷೆ. ಇದರ ಫಲವಾಗಿ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಿಗೆ ಸೇರಿದವರಲ್ಲಿ ಸುಮಾರು ಶೇ. 80ರಷ್ಟು ಮಂದಿ ಒಂದಾದರೂ ಪರಿಹಾರ ಬೋಧನೆಯ ಕೋರ್ಸಿಗೆ ದಾಖಲಾಗುತ್ತಿದ್ದರು ಎಂದು ಅಲ್ಲಿನ ಸಾರ್ವಜನಿಕ ನೀತಿ ಸಂಶೋಧನಾ ಸಂಸ್ಥೆ 2016ರಲ್ಲಿ ಲೆಕ್ಕ ಹಾಕಿತು. ಲ್ಯಾಟಿನೋ ಮತ್ತು ಆಫ್ರಿಕನ್ ಅಮೆರಿಕನ್ ವಿದ್ಯಾರ್ಥಿಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಪದವಿ ಮಟ್ಟದ ಗಣಿತಕ್ಕಿಂತ ಮೂರು ನಾಲ್ಕು ಮೆಟ್ಟಿಲು ಕೆಳಗೆ ಇಳಿಸಿದರೆ, ಮೇಲಿನ ಮೆಟ್ಟಿಲು ತಲುಪಲು ಎರಡು ವರ್ಷ. ಆ ಕೋರ್ಸುಗಳ ಯೂನಿಟ್‌ಗಳು ವಿಶ್ವವಿದ್ಯಾಲಯಕ್ಕೆ ವರ್ಗವಾಗುವಾಗ ಲೆಕ್ಕಕ್ಕೆ ಬರುವುದಿಲ್ಲ.

ಇದರೊಳಗಿನ ಗುಣಾಕಾರವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ನೋಡಬಹುದು. ನೂರು ಮಂದಿಯನ್ನು ಮೂರು ಮೆಟ್ಟಿಲು ಕೆಳಗೆ ಕೂರಿಸಿದ್ದೇವೆ. ಪ್ರತಿ ಕೋರ್ಸಿನಲ್ಲೂ ನೂರಕ್ಕೆ ಎಪ್ಪತ್ತು ಮಂದಿ ಪಾಸಾಗುತ್ತಾರೆ. ಯಾವ ಪ್ರಾಧ್ಯಾಪಕರೂ ನಾಚಬೇಕಾದ ಫಲಿತಾಂಶವಲ್ಲ ಇದು. ಪಾಸಾದವರಲ್ಲಿ ಐವರಿಗೊಬ್ಬರು ಮುಂದಿನ ಅವಧಿಗೆ ಹೆಸರು ನೋಂದಾಯಿಸುವುದಿಲ್ಲ: ಶಿಫ್ಟು ಬದಲಾಯಿತು, ಮಗುವನ್ನು ನೋಡಿಕೊಳ್ಳುವವರಿಲ್ಲ, ಕಾರು ಕೆಟ್ಟಿತು. ಮೊದಲ ಕೋರ್ಸಿನಲ್ಲಿ 70 ಮಂದಿ ಪಾಸು, ಎರಡನೆಯದಕ್ಕೆ ಬರುವವರು 56. ಅವರಲ್ಲಿ 39 ಪಾಸು, ಮೂರನೆಯದಕ್ಕೆ ಬರುವವರು 31. ಅವರಲ್ಲಿ 22 ಪಾಸು, ಪದವಿ ಮಟ್ಟದ ಗಣಿತಕ್ಕೆ ಬರುವವರು 18. ಅಲ್ಲಿ ಪಾಸಾಗುವವರು 12. ಯಾವ ತರಗತಿಯೂ ಕೆಟ್ಟದಾಗಿ ನಡೆದಿಲ್ಲ, ಯಾರೂ ಯಾರನ್ನೂ ಹೊರಗೆ ಹಾಕಿಲ್ಲ, ಆದರೂ ನೂರರಲ್ಲಿ ಎಂಬತ್ತೆಂಟು ಮಂದಿ ಇಲ್ಲ. ಪ್ರತಿಯೊಬ್ಬ ಶಿಕ್ಷಕ ತನ್ನ ಕೊಠಡಿಯನ್ನು ಮಾತ್ರ ನೋಡುವುದರಿಂದ ಈ ಸೋರಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕ್ಲಾರ್ಕ್ ವಿವರಿಸಿದ ತಣ್ಣಗಾಗಿಸುವ ಕೆಲಸವನ್ನು ಮಾಡಲು ಇಲ್ಲಿ ಸಮಾಧಾನ ಹೇಳುವ ಮನುಷ್ಯನೂ ಬೇಕಿಲ್ಲ, ಮೆಟ್ಟಿಲುಗಳ ಸಂಖ್ಯೆಯೇ ಸಾಕು.

ಪರೀಕ್ಷೆಯಾದರೂ ಸರಿಯಾಗಿ ಅಳೆಯುತ್ತಿತ್ತೇ ಎಂದರೆ ಅದೂ ಇಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಜೂಡಿತ್ ಸ್ಕಾಟ್-ಕ್ಲೇಟನ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಗಣಿತದಲ್ಲಿ ನಾಲ್ವರಲ್ಲಿ ಒಬ್ಬರನ್ನು, ಇಂಗ್ಲಿಷಿನಲ್ಲಿ ಮೂವರಲ್ಲಿ ಒಬ್ಬರನ್ನು ಈ ಪರೀಕ್ಷೆಗಳು ತೀರಾ ತಪ್ಪಾದ ಮಟ್ಟಕ್ಕೆ ಹಾಕುತ್ತಿದ್ದವು. ಹೈಸ್ಕೂಲಿನ ನಾಲ್ಕು ವರ್ಷಗಳ ಶ್ರೇಣಿಗಳು ಒಂದೆರಡು ಗಂಟೆಯ ಪರೀಕ್ಷೆಗಿಂತ ಚೆನ್ನಾಗಿ ಭವಿಷ್ಯ ಹೇಳುತ್ತವೆ ಎಂಬುದು ಅದೇ ಕಾಲದಲ್ಲಿ ಸ್ಪಷ್ಟವಾಯಿತು. ಲಾಂಗ್ ಬೀಚ್ ಸಿಟಿ ಕಾಲೇಜು 2012ರಲ್ಲೇ ಸ್ಥಳೀಯ ಹೈಸ್ಕೂಲುಗಳ ಶ್ರೇಣಿಗಳನ್ನು ನೋಡಿ ವಿದ್ಯಾರ್ಥಿಗಳನ್ನು ಮಟ್ಟಕ್ಕೆ ಸೇರಿಸತೊಡಗಿತು. ರಾಜ್ಯವ್ಯಾಪಿ ಬದಲಾವಣೆ ಬಂದದ್ದು 2017ರ ಅಕ್ಟೋಬರ್‌ನಲ್ಲಿ ಸಹಿಯಾದ ಎಬಿ 705 (ಎಬಿ ಎಂದರೆ ಅಸೆಂಬ್ಲಿ ಬಿಲ್) ಎಂಬ ಕಾನೂನಿನಿಂದ. ಅದು ಪುರಾವೆಯ ಹೊರೆಯನ್ನು ತಿರುಗಿಸಿಬಿಟ್ಟಿತು. ವಿದ್ಯಾರ್ಥಿ ತಾನು ಪದವಿ ಮಟ್ಟದ ಕೋರ್ಸಿಗೆ ಯೋಗ್ಯನೆಂದು ರುಜುವಾತು ಮಾಡಬೇಕಾಗಿಲ್ಲ. ಅವನು ಅಲ್ಲಿ ಯಶಸ್ವಿಯಾಗುವ ಸಂಭವ ತೀರಾ ಕಡಿಮೆ, ಪರಿಹಾರ ಬೋಧನೆಯಿಂದ ಅವನಿಗೆ ಲಾಭವಿದೆ ಎಂದು ಕಾಲೇಜೇ ತೋರಿಸಬೇಕು. ಒಂದು ವರ್ಷದೊಳಗೆ ಆ ಕೋರ್ಸನ್ನು ಮುಗಿಸುವ ಅವಕಾಶ ಅತಿ ಹೆಚ್ಚಾಗುವಂತೆ ವ್ಯವಸ್ಥೆ ಮಾಡಬೇಕು. ಹೆಚ್ಚಿನ ಸಹಾಯ ಬೇಕಾದವರಿಗೆ ಅದೇ ಅವಧಿಯಲ್ಲಿ, ಮುಖ್ಯ ಕೋರ್ಸಿನ ಜೊತೆಜೊತೆಗೇ ಹೆಚ್ಚುವರಿ ಬೋಧನೆ ಕೊಡಬೇಕು. ಟೆನೆಸಿ ರಾಜ್ಯವು ಈ ಜೊತೆ-ಬೋಧನೆಯನ್ನು 2015ರಿಂದಲೇ ತನ್ನ ಕಮ್ಯುನಿಟಿ ಕಾಲೇಜುಗಳಲ್ಲಿ ವ್ಯಾಪಕವಾಗಿ ಜಾರಿಗೆ ತಂದಿತ್ತು.

ಕಾನೂನು ಪೂರ್ಣವಾಗಿ ಜಾರಿಯಾದ 2019ರ ಶರತ್ಕಾಲದಲ್ಲಿ ಮೊದಲ ಬಾರಿಗೆ ಇಂಗ್ಲಿಷ್ ತೆಗೆದುಕೊಂಡವರಲ್ಲಿ ಶೇ. 96, ಗಣಿತ ತೆಗೆದುಕೊಂಡವರಲ್ಲಿ ಶೇ. 78 ಮಂದಿ ನೇರವಾಗಿ ಪದವಿ ಮಟ್ಟದ ಕೋರ್ಸಿನಲ್ಲೇ ಕೂತರು. ಆ ಕೋರ್ಸುಗಳ ಪಾಸು ಪ್ರಮಾಣ ಸ್ವಲ್ಪ ಇಳಿಯಿತು. ಪಾಸಾದವರ ಸಂಖ್ಯೆ ಮಾತ್ರ ಬಹಳ ಏರಿತು. ಈ ಎರಡು ಮಾತುಗಳೂ ಒಟ್ಟಿಗೆ ನಿಜವಾಗಿರಬಹುದು ಎಂಬುದನ್ನು ಅರ್ಥಮಾಡಿಕೊಳ್ಳದೆ ನಡೆದ ವಾದಗಳು ಅನೇಕ. ಇಪ್ಪತ್ತು ಮಂದಿ ಕೂತು ಹದಿನಾಲ್ಕು ಮಂದಿ ಪಾಸಾದರೆ ಶೇ. 70, ಎಂಬತ್ತು ಮಂದಿ ಕೂತು ನಲವತ್ತನಾಲ್ಕು ಮಂದಿ ಪಾಸಾದರೆ ಶೇ. 55. ವಿಭಾಗದ ಮುಖ್ಯಸ್ಥರಿಗೆ ಎರಡನೆಯದು ಕುಸಿತವಾಗಿ ಕಾಣುತ್ತದೆ, ಊರಿಗೆ ಮೂವತ್ತು ಮಂದಿ ಹೆಚ್ಚು ಸಿಕ್ಕಿದರು. ಹಾಗೆಂದು ಫೇಲಾದ ಮೂವತ್ತಾರು ಮಂದಿಯನ್ನು ಮರೆಯಲಾಗದು. ಅವರ ದಾಖಲೆಯಲ್ಲಿ ಈಗ ಒಂದು ಕಪ್ಪು ಗುರುತಿದೆ, ಅದು ಮುಂದೆ ಹಣಕಾಸು ನೆರವಿಗೂ ಅಡ್ಡ ಬರಬಹುದು. ಎಲ್ಲ ಗುಂಪುಗಳ ಸ್ಥಿತಿಯೂ ಮೇಲೆದ್ದಿತು, ಆದರೆ ಗುಂಪುಗಳ ನಡುವಿನ ಅಂತರ ಅಳಿಯಲಿಲ್ಲ. ಒಂದು ಅಡ್ಡಗೋಡೆ ತೆಗೆದ ಮೇಲೆ ಅದರ ಹಿಂದಿದ್ದ ತರಗತಿಯ ಕೋಣೆ ಹಾಗೆಯೇ ಇತ್ತು. 2022ರಲ್ಲಿ ಬಂದ ಎಬಿ 1705 ಈ ನಿಯಮವನ್ನು ಇನ್ನಷ್ಟು ಬಿಗಿ ಮಾಡಿ, ವಿಜ್ಞಾನ ಮತ್ತು ಎಂಜಿನಿಯರಿಂಗ್ ಓದುವವರನ್ನು ನೇರವಾಗಿ ಕ್ಯಾಲ್ಕುಲಸ್‌ಗೆ ಕೂರಿಸುವ ಪ್ರಶ್ನೆಯನ್ನು ಎತ್ತಿತು. ಗಣಿತದ ಅಧ್ಯಾಪಕರಲ್ಲಿ ಅನೇಕರು ಇದನ್ನು ವಿರೋಧಿಸಿದರು. ಹೈಸ್ಕೂಲಿನಲ್ಲಿ ತ್ರಿಕೋನಮಿತಿಯನ್ನೇ ಕಾಣದವನನ್ನು ಕ್ಯಾಲ್ಕುಲಸ್ ತರಗತಿಯಲ್ಲಿ ಕೂರಿಸುವುದು ಸಮತೆಯೇ ಎಂಬ ಅವರ ಪ್ರಶ್ನೆಯನ್ನು ಬರಿಯ ಹಟವೆಂದು ತಳ್ಳಿಹಾಕುವುದು ತಪ್ಪಾಗುತ್ತದೆ.

ಕೋರ್ಸಿನ ನಿಯಮ ಬದಲಿಸುವುದಕ್ಕೆ ದುಡ್ಡು ಹೆಚ್ಚು ಬೇಕಿಲ್ಲ. ವಿದ್ಯಾರ್ಥಿಯ ಜೊತೆಗೆ ನಿಲ್ಲುವುದಕ್ಕೆ ಬೇಕು. ಇದರ ಅತ್ಯುತ್ತಮ ಪುರಾವೆ ಕ್ಯಾಲಿಫೋರ್ನಿಯಾದ್ದಲ್ಲ, ನ್ಯೂಯಾರ್ಕ್ ನಗರದ್ದು. ಅಲ್ಲಿನ ಸಿಟಿ ಯೂನಿವರ್ಸಿಟಿಯ ಕಮ್ಯುನಿಟಿ ಕಾಲೇಜುಗಳಲ್ಲಿ 2007ರಲ್ಲಿ ಅಸಾಪ್ ಎಂಬ ಕಾರ್ಯಕ್ರಮ ಆರಂಭವಾಯಿತು. ಪೂರ್ಣಾವಧಿ ಓದುವುದಾಗಿ ಒಪ್ಪಿದವರಿಗೆ ಮೂರು ವರ್ಷ ಕಾಲ ಬಸ್ಸು-ಮೆಟ್ರೊ ಪಾಸು, ಪಠ್ಯಪುಸ್ತಕದ ಖರ್ಚು, ಉಳಿದ ಶುಲ್ಕದ ಮನ್ನಾ, ಎಲ್ಲಕ್ಕಿಂತ ಮಿಗಿಲಾಗಿ ಪದೇ ಪದೇ ಭೇಟಿಯಾಗುವ, ಹೆಸರು ಹಿಡಿದು ಕರೆಯಬಲ್ಲ ಒಬ್ಬ ಸಲಹೆಗಾರ. ಚೀಟಿ ಎತ್ತಿದಂತೆ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆಯಲ್ಲಿ ಮೂರು ವರ್ಷದೊಳಗೆ ಪದವಿ ಪಡೆದವರು ಕಾರ್ಯಕ್ರಮದ ಗುಂಪಿನಲ್ಲಿ ಶೇ. 40, ಸಾಮಾನ್ಯ ಗುಂಪಿನಲ್ಲಿ ಶೇ. 22. ಒಬ್ಬ ವಿದ್ಯಾರ್ಥಿಯ ಮೇಲಿನ ವೆಚ್ಚ ಸುಮಾರು ಶೇ. 60ರಷ್ಟು ಹೆಚ್ಚಾಯಿತು, ಆದರೆ ಪದವಿ ಪಡೆದವರು ಸುಮಾರು ದುಪ್ಪಟ್ಟಾದದ್ದರಿಂದ ಪದವಿಯೊಂದಕ್ಕೆ ತಗಲಿದ ವೆಚ್ಚ ಕಡಿಮೆಯೇ ಆಯಿತು. ಸಾಂಸ್ಥಿಕ ಪರಿಣಾಮಕಾರಿತ್ವವನ್ನು ಹಾಜರಿ ಪುಸ್ತಕದಲ್ಲಿರುವ ತಲೆಗಳಿಂದ ಭಾಗಿಸುತ್ತೀರೋ ಪದವಿಗಳಿಂದ ಭಾಗಿಸುತ್ತೀರೋ ಎಂಬುದರ ಮೇಲೆ ಇದೇ ಕಾರ್ಯಕ್ರಮ ದುಬಾರಿಯಾಗಿಯೂ ಅಗ್ಗವಾಗಿಯೂ ಕಾಣಬಲ್ಲದು. ಪೂರ್ಣಾವಧಿ ಓದಲಾಗದವರಿಗೆ ಇದು ಎಟುಕುವುದಿಲ್ಲ ಎಂಬ ಮಿತಿಯನ್ನೂ ಹೇಳಬೇಕು; ಕ್ಯಾಲಿಫೋರ್ನಿಯಾದಂಥಲ್ಲಿ ಅದು ಸಣ್ಣ ಮಿತಿಯಲ್ಲ.

ಪದವಿಗೆ ಬೇಕಾದದ್ದು 60 ಯೂನಿಟ್, ಆದರೆ 2017ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಅಸೋಸಿಯೇಟ್ ಪದವೀಧರರು ಸರಾಸರಿ 87 ಯೂನಿಟ್ ಓದಿರುತ್ತಿದ್ದರು. ಹೆಚ್ಚುವರಿ 27 ಯೂನಿಟ್ ಎಂದರೆ ಪೂರ್ಣಾವಧಿ ಓದುವವರಿಗೂ ಹತ್ತಿರ ಹತ್ತಿರ ಒಂದು ವರ್ಷ. ದರ್ಶಿನಿಯ ಬೋರ್ಡು ನೋಡಿ ಒಂದೊಂದೇ ತಿಂಡಿ ಹೇಳಿದಂತೆ ಕೋರ್ಸುಗಳನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ, ಯಾವುದು ಯಾವುದಕ್ಕೆ ಮುಂದೆ ಬೇಕಾಗುತ್ತದೆಂದು ಮನೆಯಲ್ಲಿ ಹೇಳುವವರಿರುವ ಹುಡುಗನಿಗೆ ವರವೂ, ಇಲ್ಲದವಳಿಗೆ ಬಲೆಯೂ ಆಯಿತು. ‘ಗೈಡೆಡ್ ಪಾಥ್‌ವೇಸ್’ ಹೆಸರಿನಲ್ಲಿ, ಗುರಿಯಿಂದ ಹಿಂದಕ್ಕೆ ಲೆಕ್ಕ ಹಾಕಿ ಅವಧಿವಾರು ಕೋರ್ಸುಗಳ ದಾರಿಯನ್ನು ಮೊದಲೇ ಹಾಕಿಕೊಡುವ ಸುಧಾರಣೆಗೆ ರಾಜ್ಯವು ಆ ವರ್ಷ 15 ಕೋಟಿ ಡಾಲರ್ ತೆಗೆದಿಟ್ಟಿತು. ಅದೇ ವರ್ಷ ಈ ಕಾಲೇಜು ವ್ಯವಸ್ಥೆ ಪ್ರಕಟಿಸಿದ ದೂರದೃಷ್ಟಿಯ ದಾಖಲೆಯು ಸರಾಸರಿಯನ್ನು 79 ಯೂನಿಟ್‌ಗೆ ಇಳಿಸುವ, ಗುಂಪುಗಳ ನಡುವಿನ ಅಂತರವನ್ನು ಐದು ವರ್ಷದಲ್ಲಿ ಶೇ. 40ರಷ್ಟು ಕುಗ್ಗಿಸಿ ಹತ್ತು ವರ್ಷದಲ್ಲಿ ಪೂರ್ತಿ ಅಳಿಸುವ ಗುರಿಗಳನ್ನು ಇಟ್ಟುಕೊಂಡಿತು. ಇಂಥ ಗುರಿಗಳ ಬಗ್ಗೆ ಸಂಶಯ ಸಹಜ. ಗುರಿಯನ್ನು ಅಂಕಿಯಲ್ಲಿ ಬರೆದಿಟ್ಟಾಗ ತಪ್ಪಿದ್ದು ಎಲ್ಲರಿಗೂ ಕಾಣುತ್ತದೆ ಎಂಬಷ್ಟು ಲಾಭವಂತೂ ಇದೆ.

ಹಣ ಹಂಚುವ ಸೂತ್ರವೂ ಬದಲಾಯಿತು. ಮೊದಲು ಕಾಲೇಜಿಗೆ ರಾಜ್ಯದ ಹಣ ಬಹುಮಟ್ಟಿಗೆ ದಾಖಲಾತಿಯ ಮೇಲೆ ಬರುತ್ತಿತ್ತು. ವಿದ್ಯಾರ್ಥಿಯನ್ನು ಸೇರಿಸಿಕೊಂಡರೆ ಸಾಕು, ಅವನು ಏನಾದ ಎಂಬುದು ಖಜಾನೆಗೆ ಬೇಕಿರಲಿಲ್ಲ. 2018-19ರಿಂದ ಸುಮಾರು ಶೇ. 70 ದಾಖಲಾತಿಗೆ, ಶೇ. 20 ಬಡ ವಿದ್ಯಾರ್ಥಿಗಳ ಸಂಖ್ಯೆಗೆ, ಶೇ. 10 ಪದವಿ, ವರ್ಗಾವಣೆ ಮುಂತಾದ ಫಲಿತಾಂಶಕ್ಕೆ ಎಂದು ವಿಂಗಡಿಸಲಾಗಿದೆ. ಬಡ ವಿದ್ಯಾರ್ಥಿ ಗುರಿ ಮುಟ್ಟಿದರೆ ಕಾಲೇಜಿಗೆ ಇನ್ನೂ ಹೆಚ್ಚು ಸಿಗುತ್ತದೆ. ಫಲಿತಾಂಶಕ್ಕೆ ದುಡ್ಡು ಕಟ್ಟಿದಾಗಲೆಲ್ಲ ಫಲಿತಾಂಶವನ್ನು ಅಗ್ಗ ಮಾಡುವ ಆಸೆ ಹುಟ್ಟುತ್ತದೆ. ಕೆಲಸ ಕೊಡದ ಸಣ್ಣ ಸರ್ಟಿಫಿಕೇಟುಗಳನ್ನು ರಾಶಿ ಹಾಕುವುದು, ಗೆಲ್ಲುವವರನ್ನೇ ಹುಡುಕಿ ಸೇರಿಸಿಕೊಳ್ಳುವುದು ಅದರ ರೂಪಗಳು. ಫಲಿತಾಂಶದ ಪಾಲನ್ನು ಹತ್ತಕ್ಕೇ ನಿಲ್ಲಿಸಿ ಬಡತನದ ಪಾಲನ್ನು ಅದರ ಎರಡರಷ್ಟು ಇಟ್ಟಿರುವುದು ನನ್ನ ಮಟ್ಟಿಗೆ ವಿವೇಕದ ನಡೆ.

ಆಡಳಿತ ಕುಸಿದರೆ ಸಮತೆ ಏನಾಗುತ್ತದೆ ಎಂಬುದಕ್ಕೆ ಲಾಸ್ ಏಂಜಲೀಸ್ ಬಳಿಯ ಕಾಂಪ್ಟನ್ ಸಾಕ್ಷಿ. ಕಪ್ಪು ಜನರೂ ಲ್ಯಾಟಿನೋ ಜನರೂ ಬಹುಸಂಖ್ಯೆಯಲ್ಲಿರುವ ಆ ಊರಿನ ಕಾಲೇಜು ಹಣಕಾಸು ಮತ್ತು ಆಡಳಿತದ ಅವ್ಯವಸ್ಥೆಯಿಂದ 2006ರಲ್ಲಿ ಮಾನ್ಯತೆ ಕಳೆದುಕೊಂಡಿತು. ನಮ್ಮ ನ್ಯಾಕ್ ಶ್ರೇಣಿ ಇಳಿದಂತಲ್ಲ ಇದು. ಅಲ್ಲಿ ಮಾನ್ಯತೆ ಹೋದರೆ ವಿದ್ಯಾರ್ಥಿಗಳಿಗೆ ಒಕ್ಕೂಟ ಸರ್ಕಾರದ ನೆರವು ನಿಲ್ಲುತ್ತದೆ, ಓದಿದ ಯೂನಿಟ್‌ಗಳನ್ನು ಬೇರೆಯವರು ಒಪ್ಪುವುದಿಲ್ಲ. ನೆರೆಯ ಎಲ್ ಕಮಿನೊ ಕಾಲೇಜಿನ ಶಾಖೆಯಾಗಿ ಉಳಿದುಕೊಂಡ ಅದು ಸ್ವಂತ ಮಾನ್ಯತೆಯನ್ನು ಮರಳಿ ಪಡೆದದ್ದು 2017ರಲ್ಲಿ, ಹನ್ನೊಂದು ವರ್ಷದ ಮೇಲೆ. ಸ್ಯಾನ್ ಫ್ರಾನ್ಸಿಸ್ಕೊದ ಸಿಟಿ ಕಾಲೇಜಿಗೂ 2012ರಲ್ಲಿ ಇದೇ ಕತ್ತಿ ತೂಗಿತು. ಪಾಠದ ಗುಣಮಟ್ಟದ ಬಗ್ಗೆ ಅಲ್ಲ, ಯೋಜನೆ ಮತ್ತು ಹಣಕಾಸಿನ ಬಗ್ಗೆ ಆಕ್ಷೇಪ. ನ್ಯಾಯಾಲಯದವರೆಗೆ ಹೋದ ಆ ಜಗಳ 2017ರ ಜನವರಿಯಲ್ಲಿ ಮಾನ್ಯತೆ ಮುಂದುವರಿಯುವುದರೊಂದಿಗೆ ಮುಗಿಯುವಷ್ಟರಲ್ಲಿ ಸಾವಿರಾರು ವಿದ್ಯಾರ್ಥಿಗಳು ಕಾಲೇಜು ಬಿಟ್ಟಿದ್ದರು.

ಶಿಕ್ಷೆಯ ಬೆದರಿಕೆಯೊಂದೇ ಸಾಲದು ಎಂಬ ಅರಿವಿನಿಂದಲೇ ರಾಜ್ಯವು 2014-15ರಲ್ಲಿ ಸಾಂಸ್ಥಿಕ ಪರಿಣಾಮಕಾರಿತ್ವಕ್ಕಾಗಿ ಒಂದು ಸಹಭಾಗಿತ್ವದ ಉಪಕ್ರಮವನ್ನು ಆರಂಭಿಸಿತು. ತೊಂದರೆಯಲ್ಲಿರುವ ಕಾಲೇಜು ತಾನಾಗಿ ಕೇಳಿಕೊಂಡರೆ, ಬೇರೆ ಕಾಲೇಜುಗಳ ಅನುಭವಿಗಳ ತಂಡವೊಂದು ಮೂರು ಬಾರಿ ಭೇಟಿ ಕೊಟ್ಟು, ಮೊದಲು ಕೇಳಿಸಿಕೊಂಡು, ಆಮೇಲೆ ಯೋಜನೆ ಬರೆಯಲು ನೆರವಾಗಿ, ಕೊನೆಗೆ ಏನಾಯಿತೆಂದು ನೋಡಿ ಹೋಗುತ್ತದೆ. ಯೋಜನೆಗೆ ಬೀಜಧನವೂ ಸಿಗುತ್ತದೆ. ತಪಾಸಣೆಗೆ ಬಂದವರ ಮುಂದೆ ಯಾರೂ ಕಡತದ ಕೊಳೆಯನ್ನು ತೋರಿಸುವುದಿಲ್ಲ, ನೆಂಟರ ಹಾಗೆ ಬಂದವರಿಗೆ ತೋರಿಸಬಹುದು. ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ತಪಾಸಣಾ ಸಮಿತಿ ಬರುವ ವಾರ ಗೋಡೆಗೆ ಸುಣ್ಣ ಬಳಿಯುವುದನ್ನು ನೋಡಿದವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬದಲಾವಣೆ ನಿಧಾನವಾಗಲು ಎರಡು ಕಾರಣಗಳು ಎದ್ದು ಕಾಣುತ್ತವೆ. 1988ರ ಎಬಿ 1725 ಕಾನೂನು ಪಠ್ಯಕ್ರಮದಂಥ ವಿಷಯಗಳಲ್ಲಿ ಅಧ್ಯಾಪಕರ ಸೆನೆಟ್‌ಗೆ ದೊಡ್ಡ ಮಾತು ಕೊಟ್ಟಿದೆ. ಅದು ಒಳ್ಳೆಯದೇ, ಆದರೆ ಶಾಸನಸಭೆ ನಿರ್ಧರಿಸಿದ್ದನ್ನು ತರಗತಿಯಲ್ಲಿ ನಡೆಸಬೇಕಾದವರನ್ನು ಒಪ್ಪಿಸಲು ಕಾಲ ಬೇಕು. ಅದೇ ಕಾನೂನು ಬೋಧನೆಯ ಗಂಟೆಗಳಲ್ಲಿ ಶೇ. 75ರಷ್ಟನ್ನು ಪೂರ್ಣಾವಧಿ ಅಧ್ಯಾಪಕರು ತೆಗೆದುಕೊಳ್ಳಬೇಕೆಂಬ ಗುರಿಯನ್ನೂ ಇಟ್ಟಿತ್ತು, ಮತ್ತು ಆ ಗುರಿಯಿಂದ ಕಾಲೇಜುಗಳು ಇಂದಿಗೂ ದೂರ ಉಳಿದಿವೆ. ಬೆಳಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು, ಸಂಜೆ ಮತ್ತೊಂದು ಎಂದು ಹೆದ್ದಾರಿಯಲ್ಲೇ ಬದುಕುವ ಅರೆಕಾಲಿಕ ಅಧ್ಯಾಪಕರಿಗೆ ಅಲ್ಲಿ ‘ಫ್ರೀವೇ ಫ್ಲೈಯರ್’ ಎಂಬ ಅಡ್ಡಹೆಸರೇ ಇದೆ. ಅತಿಥಿ ಉಪನ್ಯಾಸಕರ ಪಾಡನ್ನು ಬಲ್ಲ ನಮಗೆ ಅದು ಅಪರಿಚಿತವಲ್ಲ. ತರಗತಿ ಮುಗಿದ ಮೇಲೆ ವಿದ್ಯಾರ್ಥಿಯ ಜೊತೆ ಹತ್ತು ನಿಮಿಷ ಕೂತು ಮಾತಾಡಲು ಕೋಣೆಯೂ ಸಂಬಳವೂ ಇಲ್ಲದವರ ಮೇಲೆ ಸಮತೆಯ ಯೋಜನೆಯ ಅರ್ಧ ಭಾರವನ್ನು ಹೊರಿಸಲಾಗುತ್ತಿದೆ ಎಂಬುದನ್ನು ಯಾವ ವರದಿಯೂ ದೊಡ್ಡ ಅಕ್ಷರದಲ್ಲಿ ಬರೆಯುವುದಿಲ್ಲ.

ಮೂಲಭೂತ ಅಗತ್ಯಗಳ ವಿಷಯದಲ್ಲಿ ಕಾನೂನು ಇನ್ನೂ ಕೆಳಗಿಳಿದು ಬಂದಿದೆ. ಪ್ರತಿ ಕಮ್ಯುನಿಟಿ ಕಾಲೇಜಿನಲ್ಲೂ ಊಟ, ವಸತಿ, ಮಕ್ಕಳ ಪಾಲನೆಯಂಥ ನೆರವಿಗೆ ಒಂದು ಕೇಂದ್ರ ಇರಬೇಕೆಂದು 2021ರ ಶಾಸನ ವಿಧಿಸಿತು. ಅದಕ್ಕೂ ಐದು ವರ್ಷ ಮೊದಲು, 2016ರಲ್ಲಿ, ಎಬಿ 1995 ಎಂಬ ಪುಟ್ಟ ಕಾನೂನೊಂದು ಬಂದಿತ್ತು: ಆವರಣದಲ್ಲಿ ವಿದ್ಯಾರ್ಥಿಗಳಿಗೆ ಸ್ನಾನದ ವ್ಯವಸ್ಥೆಯಿರುವ ಕಾಲೇಜುಗಳು ಅದನ್ನು ಮನೆಯಿಲ್ಲದ, ಕಾರಿನಲ್ಲಿ ಮಲಗುವ ತಮ್ಮ ವಿದ್ಯಾರ್ಥಿಗಳಿಗೂ ತೆರೆಯಬೇಕು. ಯಾವ ಹೊತ್ತಿನಲ್ಲಿ ತೆರೆಯಬೇಕೆಂಬುದನ್ನು ಗೊತ್ತುಮಾಡುವ ಕೆಲಸ ಕಾಲೇಜಿನ ಆಡಳಿತ ಮಂಡಳಿಯದು. ಆ ಹೊತ್ತು ಬೆಳಗಿನ ಮೊದಲ ತರಗತಿಗಿಂತ ಮುಂಚೆ ಇದೆಯೇ, ಆಮೇಲೆ ಇದೆಯೇ ಎಂದು ವೇಳಾಪಟ್ಟಿ ತಯಾರಿಸುವ ಗುಮಾಸ್ತರೇ ನೋಡಬೇಕು.